ಎದುರಿನ ನಾಯಿ ಮೈಮೇಲೆ ಬೀಳುವ ಮುನ್ನ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೆಂದೇ ಬೇಲಿ ಹಾಕಿದ ಜಾಗ ಗಿಜಿಗುಡುತ್ತದೆ. ವಾರವಿಡೀ ಫ್ಲಾಟಿನ ಬಾಲ್ಕನಿಯಲ್ಲಿ ಕಳೆಯುವ ನಾಯಿಗೆ ಮನಸಾರೆ ಓಡಲು ಇಂಥ ಜಾಗ ಬೇಕೇ ಬೇಕು. ಆದರೆ ಅಲ್ಲಿಗೆ ಬರುವ ನಾಯಿಗಳೆಲ್ಲ ಒಂದೇ ಸ್ವಭಾವದವಲ್ಲ, ಮಾಲೀಕರೂ ಅಷ್ಟೆ. ಕಚ್ಚಾಟ ಬಿಡಿಸುವುದು ಕಷ್ಟ, ಅದು ಶುರುವಾಗದಂತೆ ನೋಡಿಕೊಳ್ಳುವುದು ಕೈಯಲ್ಲಿರುವ ಕೆಲಸ.

ಮೊದಲು ಬೇಲಿಯಾಚೆ ನಿಲ್ಲಿ

ಹೋದ ಕೂಡಲೇ ಒಳಗೆ ನುಗ್ಗಬೇಡಿ. ಐದು ನಿಮಿಷ ಹೊರಗೆ ನಿಂತು ಯಾವ ನಾಯಿ ಯಾರದು, ಕರೆದರೆ ಬರುತ್ತದೆಯೇ ಎಂದು ಗಮನಿಸಿ. ಜಗಳ ಹೆಚ್ಚಾಗಿ ಹುಟ್ಟುವುದು ಗೇಟಿನ ಬಳಿ. ಹೊಸ ನಾಯಿಯನ್ನು ಮೂಸಲು ಎಲ್ಲವೂ ಮುತ್ತಿಕೊಳ್ಳುತ್ತವೆ. ಗುಂಪು ಚದುರಿದ ಮೇಲೆ ಹೋಗಿ, ಒಳಗೆ ಕಾಲಿಟ್ಟೊಡನೆ ಹಗ್ಗ ಬಿಚ್ಚಿ. ಬಿಡುಬೀಸಾಗಿ ಓಡಾಡುವವುಗಳ ನಡುವೆ ಕಟ್ಟಿದ ನಾಯಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರುವುದಿಲ್ಲ, ಹೆದರಿಕೆಗೇ ಕಚ್ಚುತ್ತದೆ. ಚೆಂಡು, ಬಿಸ್ಕತ್ತು ಮನೆಯಲ್ಲೇ ಇರಲಿ. ಬೆದೆಗೆ ಬಂದ ಹೆಣ್ಣುನಾಯಿ, ಲಸಿಕೆ ಪೂರ್ತಿಯಾಗದ ಮರಿ ಇಲ್ಲಿಗೆ ಬರಲೇಬಾರದು.

ನಾಯಿಯ ಮೈ ನೋಡಿ

ಬೊಗಳಿದ ಮಾತ್ರಕ್ಕೆ ಗಾಬರಿ ಬೇಡ. ಗುರುಗುಟ್ಟುವುದೂ ತಪ್ಪಲ್ಲ, 'ಇಷ್ಟು ಸಾಕು' ಎಂಬ ಎಚ್ಚರಿಕೆ ಅದು. ಅದಕ್ಕಾಗಿ ಹೊಡೆದರೆ ಮುಂದೊಂದು ದಿನ ಎಚ್ಚರಿಕೆ ಕೊಡದೆಯೇ ಬಾಯಿ ಹಾಕೀತು. ನಿಜಕ್ಕೂ ಹೆದರಬೇಕಾದದ್ದು ಸದ್ದಿಲ್ಲದ ನಾಯಿಗೆ. ಆಡುತ್ತಿದ್ದದ್ದು ಒಮ್ಮೆಗೇ ನಿಲ್ಲುತ್ತದೆ. ತೆರೆದ ಬಾಯಿ ಮುಚ್ಚುತ್ತದೆ. ಮೈ ಸೆಟೆದು ಭಾರವೆಲ್ಲ ಮುಂಗಾಲಿಗೆ ಬರುತ್ತದೆ, ಬೆನ್ನಿನ ಕೂದಲು ನಿಮಿರುತ್ತದೆ, ಬಾಲ ನೆಟ್ಟಗಾಗಿ ತುದಿಯಷ್ಟೇ ಅದುರುತ್ತದೆ. ನೋಟ ಎದುರಿನ ನಾಯಿಯಿಂದ ಕದಲುವುದಿಲ್ಲ. 'ಬಾಲ ಆಡಿಸುತ್ತಿದೆಯಲ್ಲ' ಎಂದು ಸಮಾಧಾನಪಟ್ಟುಕೊಳ್ಳುವವರು ಮೋಸ ಹೋಗುವುದು ಇಲ್ಲೇ. ಆ ಕ್ಷಣದಲ್ಲೇ ನಿಮ್ಮ ನಾಯಿಯನ್ನು ಹರ್ಷದ ದನಿಯಲ್ಲಿ ಕರೆದು ಬೇರೆ ದಿಕ್ಕಿಗೆ ನಡೆಯಿರಿ.

ಆಟದ ಮೈ ಬೇರೆ. ಮುಂಗಾಲು ಚಾಚಿ, ಎದೆ ತಗ್ಗಿಸಿ, ಹಿಂಭಾಗ ಎತ್ತುತ್ತದೆ. ಅಟ್ಟಿಸಿಕೊಂಡು ಹೋದದ್ದೇ ಆಮೇಲೆ ತಾನೂ ಅಟ್ಟಿಸಿಕೊಳ್ಳುತ್ತದೆ. ಸಂದೇಹ ಬಂದರೆ ಮೇಲೆ ಬೀಳುತ್ತಿರುವ ನಾಯಿಯನ್ನು ಅದರ ಮಾಲೀಕರು ಒಂದು ಗಳಿಗೆ ಹಿಡಿದುಕೊಳ್ಳಲಿ. ಇನ್ನೊಂದು ಮತ್ತೆ ಓಡಿ ಬಂದರೆ ಆಟ. ನಿಮ್ಮ ಕಾಲ ಸಂದಿಗೆ ನುಸುಳಿದರೆ ಅದಕ್ಕೆ ಸಾಕಾಗಿದೆ.

ಮಾಲೀಕರೊಂದಿಗೆ ಮಾತು

'ನಮ್ಮದು ಯಾರಿಗೂ ಏನೂ ಮಾಡುವುದಿಲ್ಲ' ಎಂಬ ಉತ್ತರ ಬಂದೇ ಬರುತ್ತದೆ. ವಾದಕ್ಕಿಳಿಯಬೇಡಿ. ಮಗುವಿನಂತೆ ಸಾಕಿದ ನಾಯಿಯನ್ನು ಕೆಟ್ಟದ್ದೆಂದರೆ ಯಾರೂ ಸಹಿಸುವುದಿಲ್ಲ. 'ಸರ್, ನಮ್ಮ ನಾಯಿ ಹೆದರಿದೆ. ನಿಮ್ಮದನ್ನು ಎರಡು ನಿಮಿಷ ಹತ್ತಿರ ಕರೆದುಕೊಳ್ಳುತ್ತೀರಾ?' ಎಂದು ಕೇಳಿ. ಬಹಳಷ್ಟು ಜನ ಎದ್ದು ಬರುತ್ತಾರೆ. ಬೇರೆಯವರ ನಾಯಿಗೆ ನೀವು ಹೊಡೆಯಲು ಹೋಗಬೇಡಿ. ಕೇಳದಿದ್ದರೆ ಹಗ್ಗ ಹಾಕಿಕೊಂಡು ಹೊರಟುಬಿಡಿ. ನಾಯಿಯನ್ನು ಬಿಟ್ಟು ಬೆಂಚಿನ ಮೇಲೆ ಮೊಬೈಲ್ ನೋಡುತ್ತ ಕೂರುವವರ ಬಗ್ಗೆ ನನಗೆ ನಿಜಕ್ಕೂ ಕೋಪವಿದೆ. ತಪ್ಪು ನಾಯಿಯದಲ್ಲ, ಆ ಅಲಕ್ಷ್ಯದ್ದು. ಹಿಂದೆ ಕಚ್ಚಿದ ನಾಯಿಯಿದ್ದರೆ ಈ ಗದ್ದಲಕ್ಕೆ ತರಲೇಬೇಡಿ. ಏದುಸಿರು ಬಿಡಲು ಜಾಗವಿರುವ ಬಾಯಿಕುಕ್ಕೆ ಹಾಕಿ ನಿರ್ಜನ ರಸ್ತೆಯಲ್ಲಿ ಅಡ್ಡಾಡಿಸಿ.

ಕಚ್ಚಾಟ ಶುರುವಾದರೆ

ಕೊರಳಪಟ್ಟಿಗೆ ಕೈ ಹಾಕಬೇಡಿ. ಮಾಲೀಕರಿಗೆ ಕಚ್ಚಿಸಿಕೊಳ್ಳುವ ಪಾಡು ಬರುವುದು ಹೀಗೆಯೇ. ಮುಖಕ್ಕೆ ನೀರೆರಚಿ, ನಡುವೆ ಬ್ಯಾಗು, ಕುರ್ಚಿ, ಬಿಚ್ಚಿದ ಕೊಡೆ ಏನಾದರೂ ಅಡ್ಡ ಹಿಡಿಯಿರಿ. ಬಿಡದಿದ್ದರೆ ಇಬ್ಬರು ಮಾಲೀಕರೂ ಏಕಕಾಲಕ್ಕೆ ತಂತಮ್ಮ ನಾಯಿಯ ಹಿಂಗಾಲುಗಳನ್ನು ತೊಡೆಯ ಬಳಿ ಹಿಡಿದೆತ್ತಿ ಹಿಂದಕ್ಕೆ ನಡೆಯಬೇಕು. ಹಲ್ಲು ನೆಟ್ಟಿದ್ದಾಗ ಮಾತ್ರ ಎಳೆಯಬೇಡಿ, ಮಾಂಸ ಹರಿಯುತ್ತದೆ. ಬಿಡಿಸಿದ ಮೇಲೆ ಕೂದಲು ಸರಿಸಿ ನೋಡಿ: ಮೇಲೆ ಚಿಕ್ಕ ತೂತಷ್ಟೇ ಕಂಡರೂ ಒಳಗೆ ಆಳವಿರುತ್ತದೆ. ಅದೇ ದಿನ ಪಶುವೈದ್ಯರ ಬಳಿ ಹೋಗಿ.

ಮನುಷ್ಯರಿಗೆ ಕಚ್ಚಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಕಾಫಿಪುಡಿ, ಸುಣ್ಣ ಯಾವುದೂ ಬೇಡ. ಆ ನಾಯಿಗೆ ಲಸಿಕೆಯಾಗಿದೆ ಎಂದು ಅದರ ಮಾಲೀಕರು ಹೇಳಿದರೂ ಅಂದೇ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದಷ್ಟೂ ಚುಚ್ಚುಮದ್ದು ಪೂರೈಸಿ. ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿ ಇಡುವಂತೆ ಮಾಲೀಕರಿಗೆ ಹೇಳಿ.

ಹೊರಡುವ ಮುನ್ನ ಅವರ ಹೆಸರು, ಫೋನ್ ನಂಬರ್, ಲಸಿಕೆ ಕಾರ್ಡಿನ ಫೋಟೊ, ಗಾಯದ ಫೋಟೊ ಪಡೆದುಕೊಳ್ಳಿ. ಚಿಕಿತ್ಸೆಯ ಖರ್ಚು ಕೊಡಲು ಒಪ್ಪಿದರೆ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಹೊಣೆ ಜಾರಿಸಿಕೊಂಡರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು: ಸಾಕುಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗಬಹುದಾದಲ್ಲಿ ನಿರ್ಲಕ್ಷ್ಯ ತೋರಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಪೆಟ್ಟು ತಿಂದ ನಿಮ್ಮ ನಾಯಿಯನ್ನು ಗಾಯ ಮಾಯುವವರೆಗೆ ಪಾರ್ಕಿಗೆ ಕರೆದೊಯ್ಯಬೇಡಿ. ಆಮೇಲೂ ಜನವಿರದ ಹೊತ್ತಿನಲ್ಲಿ, ಅದಕ್ಕೆ ಪರಿಚಯವಿರುವ ಒಂದೇ ನಾಯಿಯ ಜೊತೆ ಶುರು ಮಾಡಿ.