ನೋಡಿದ್ದೇನೆ ಎಂದು ಮುದ್ರೆ ಒತ್ತುವ ಕೆಲಸ

ನಾನು ಮಿಲಿಟರಿ ವಿಮಾನಗಳ ಇನ್‌ಸ್ಪೆಕ್ಟರ್. ನನ್ನ ಶರ್ಟಿನ ಜೇಬಿನಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ಸ್ಟ್ಯಾಂಪ್ ಇರುತ್ತದೆ. ಅದರಲ್ಲಿ ಹೆಸರಿಲ್ಲ, ಬರೀ ಒಂದು ನಂಬರ್. ಆ ನಂಬರ್ ನನ್ನದು. ಒಂದು ದಿನದ ಮಟ್ಟಿಗೂ ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಕಳೆದುಹೋದರೆ ಆಗಲೇ ಬರೆದು ತಿಳಿಸಬೇಕು. ವಿಮಾನದ ಜಾಬ್ ಕಾರ್ಡ್, ಅಂದರೆ ಮಾಡಿದ ಕೆಲಸ ಬರೆದಿಡುವ ಕಾಗದ, ಅದರ ಮೇಲೆ ಇದನ್ನು ಒತ್ತಿದರೆ 'ಇದನ್ನು ನಾನೇ ಕಣ್ಣಾರೆ ನೋಡಿದ್ದೇನೆ, ಸರಿ ಇದೆ' ಅಂತ ಅರ್ಥ. ಎಷ್ಟೋ ವರ್ಷ ಆದ ಮೇಲೆ ಆ ಕಾಗದ ತೆಗೆದರೂ ನೋಡಿದವನು ಯಾರು ಅಂತ ಗೊತ್ತಾಗುತ್ತದೆ.

ನಮ್ಮ ಬೀದಿಯ ಹುಡುಗರು ಆಗಾಗ ಕೇಳುತ್ತಾರೆ, "ಅಂಕಲ್, ಇನ್‌ಸ್ಪೆಕ್ಷನ್‌ಗೆ ಸೀದಾ ಸೇರಬಹುದಾ?" ಸೇರಬಹುದು, ದಾರಿ ಇದೆ. ನನ್ನನ್ನು ಕೇಳಿದರೆ ಮಾತ್ರ ಬೇಡ ಅನ್ನುತ್ತೇನೆ. ಮೊದಲು ನಾಲ್ಕು ವರ್ಷ ಕೈಗೆ ಗ್ರೀಸ್ ಮೆತ್ತಿಕೊಳ್ಳಲಿ. ನಾನು ಬಂದದ್ದೂ ಹಾಗೇ. ಯಾವ ಹ್ಯಾಂಗರ್, ಯಾವ ವಿಮಾನ ಅಂತ ಮಾತ್ರ ಕೇಳಬೇಡಿ, ಅದನ್ನು ಬರೆಯುವಂತಿಲ್ಲ.

ನಾನು ಬೆಳೆದದ್ದು ಮುರುಗೇಶಪಾಳ್ಯದಲ್ಲಿ. ಆಗ ಬೆಂಗಳೂರಿಗೆ ಏರ್‌ಪೋರ್ಟ್ ಅಂದರೆ ಎಚ್‌ಎಎಲ್ ಏರ್‌ಪೋರ್ಟೇ. 2008ರ ಮೇ ತಿಂಗಳಲ್ಲಿ ಪ್ಯಾಸೆಂಜರ್ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಜೆಟ್‌ಗಳ ಸದ್ದು ಮಾತ್ರ ನಮ್ಮನ್ನು ಬಿಟ್ಟು ಹೋಗಲಿಲ್ಲ. ನಮ್ಮ ಕಡೆ ಫೋನಿನಲ್ಲಿ ಮಾತಾಡುವವರು ಸುಮ್ನೆ ಅರ್ಧಕ್ಕೆ ನಿಲ್ಲಿಸಿ, ವಿಮಾನ ದಾಟಿದ ಮೇಲೆ ಅದೇ ವಾಕ್ಯ ಮುಗಿಸುತ್ತಾರೆ. 2001ರ ಜನವರಿ 4ರಂದು ತೇಜಸ್ ಯುದ್ಧವಿಮಾನ ಮೊದಲ ಸಲ ಹಾರಿದ್ದು ಇದೇ ರನ್‌ವೇಯಿಂದ. ಆಗ ಅದಕ್ಕೆ ಆ ಹೆಸರು ಇರಲಿಲ್ಲ, ಎಲ್ಲರೂ ಎಲ್‌ಸಿಎ, ಅಂದರೆ ಹಗುರ ಯುದ್ಧವಿಮಾನ, ಅನ್ನುತ್ತಿದ್ದರು. ಹೆಸರಿಟ್ಟದ್ದು 2003ರಲ್ಲಿ.

ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐನಲ್ಲಿ ಫಿಟ್ಟರ್ ಮಾಡಿದೆ. ಆಮೇಲೆ ಒಂದು ವರ್ಷ ಅಪ್ರೆಂಟಿಸ್. ಅಪ್ರೆಂಟಿಸ್ ಮುಗಿದರೆ ಕೆಲಸ ಕೊಟ್ಟೇ ಕೊಡುತ್ತಾರೆ ಅಂತ ನಮ್ಮಪ್ಪ ನಂಬಿದ್ದರು. ಕಾನೂನಿನಲ್ಲಿ ಹಾಗೇನೂ ಇಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಕೆಲಸ ಕಲಿಸಬೇಕು, ಸ್ಟೈಪೆಂಡ್ ಕೊಡಬೇಕು, ಅಷ್ಟೇ. ಎರಡು ವರ್ಷ ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಅರ ಉಜ್ಜಿದೆ. ಆಮೇಲೆ ಬರೆಯುವ ಪರೀಕ್ಷೆ, ಕೈಕೆಲಸದ ಪರೀಕ್ಷೆ ಎರಡೂ ಪಾಸಾಗಿ ವಿಮಾನ ಕಾರ್ಖಾನೆಯ ಒಳಗೆ ಹೋದೆ. ಪೀಣ್ಯದ ಆ ಎರಡು ವರ್ಷ ದಂಡ ಅಂತ ಆಗ ಅನಿಸಿತ್ತು. ಕೈಕೆಲಸದ ಪರೀಕ್ಷೆಯಲ್ಲಿ ನನ್ನನ್ನು ದಾಟಿಸಿದ್ದೇ ಅದು.

ಒಳಗೆ ನನಗೆ ಗುರು ಆದವರು ಏರ್‌ಫೋರ್ಸ್‌ನಲ್ಲಿ 20 ವರ್ಷ ಸರ್ವೀಸ್ ಮುಗಿಸಿ ಬಂದಿದ್ದ ಒಬ್ಬ ಸಾರ್ಜೆಂಟ್. ಮೊದಲ ವಾರ ಅವರು ಕೊಟ್ಟದ್ದು ಎರಡು ಬೋಲ್ಟ್, ಒಂದು ಸುರುಳಿ ತಂತಿ. ಲಾಕ್‌ವೈರ್ ಅಂದರೆ ಬೋಲ್ಟ್‌ನ ತಲೆಯ ತೂತಿನಲ್ಲಿ ತಂತಿ ಪೋಣಿಸಿ, ಹುರಿ ಹಾಕಿ, ಪಕ್ಕದ ಬೋಲ್ಟ್‌ಗೆ ಕಟ್ಟುವುದು. ಅದುರಾಟಕ್ಕೆ ಬೋಲ್ಟ್ ಬಿಚ್ಚಿಕೊಳ್ಳಬಾರದು ಅಂತ ಈ ಏರ್ಪಾಡು. ಸಾಮಾನ್ಯವಾಗಿ ಬಳಸುವ ತಂತಿಗೆ ಒಂದು ಇಂಚಿನಲ್ಲಿ ಆರರಿಂದ ಎಂಟು ಸುತ್ತು ಬರಬೇಕು. ನಾನು ಲೆಕ್ಕ ಹಾಕಿ, ಒಂದೇ ಸಮನಾಗಿ ಹುರಿ ಹಾಕಿ, ಹೆಮ್ಮೆಯಿಂದ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಜಡೆ ಚೆನ್ನಾಗಿ ಹೆಣೆದಿದ್ದೀಯಪ್ಪ. ಮದುವೆ ಹೆಣ್ಣಿಗಾದರೆ ಸಾಕು. ಈಗ ಹೇಳು, ಬೋಲ್ಟ್ ಸಡಿಲ ಆಗೋಕೆ ಹೊರಟರೆ ಈ ತಂತಿ ಯಾವ ಕಡೆ ಎಳೆಯುತ್ತೆ?"

ನನ್ನ ತಂತಿ ಬಿಚ್ಚುವ ಕಡೆಗೇ ಎಳೆಯುತ್ತಿತ್ತು. ಅದು ಬಿಗಿಯುವ ಕಡೆಗೆ ಎಳೆಯಬೇಕು, ಆಗ ಒಂದು ಬೋಲ್ಟ್ ತಿರುಗಲು ನೋಡಿದರೆ ಅದೇ ತಂತಿ ಪಕ್ಕದ್ದನ್ನು ಇನ್ನಷ್ಟು ಬಿಗಿಮಾಡುತ್ತದೆ. ಅವರು ಕಟರ್ ತೆಗೆದು ಕತ್ತರಿಸಿ ಹಾಕಿದರು. ಒಮ್ಮೆ ಬಳಸಿದ ತಂತಿಯನ್ನು ಮತ್ತೆ ಬಳಸುವಂತಿಲ್ಲ, ಹಾಗಾಗಿ ಹೊಸದು. ಅವತ್ತು ಎಷ್ಟು ಸಲ ಕಟ್ಟಿದೆನೋ ನೆನಪಿಲ್ಲ. ತುದಿಯನ್ನು ಒಳಕ್ಕೆ ಮಡಿಸದೆ ಬಿಟ್ಟಿದ್ದಕ್ಕೆ ನನ್ನ ಬೆರಳೇ ಸೀಳಿತು. ಆ ಗುರುತು ಈಗಲೂ ಇದೆ. ಇವತ್ತು ಟಾರ್ಚ್ ಹಾಕಿ ಪ್ಯಾನೆಲ್ ಒಳಗೆ ನೋಡುವಾಗ ತಪ್ಪಾಗಿ ಕಟ್ಟಿದ ತಂತಿ ತಾನಾಗಿ ಕಣ್ಣಿಗೆ ಬೀಳುತ್ತದೆ. ಪುಸ್ತಕ ಓದಿದ್ದರಿಂದ ಬಂದದ್ದಲ್ಲ ಅದು.

ಇನ್ನೊಂದು ಸಂಜೆಯದ್ದು ಹೇಳಬೇಕು. ಶಿಫ್ಟ್ ಮುಗಿಯುವ ಹೊತ್ತು. ನಮ್ಮ ಟೂಲ್ ಬೋರ್ಡ್‌ನಲ್ಲಿ ಪ್ರತಿ ಸಾಮಾನಿಗೂ ಅದರದ್ದೇ ಆಕಾರ ಬರೆದಿರುತ್ತದೆ. ಏನಾದರೂ ಇಲ್ಲದಿದ್ದರೆ ಖಾಲಿ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ಅವತ್ತು ನನ್ನ ಹೆಸರಲ್ಲಿ ತೆಗೆದುಕೊಂಡಿದ್ದ ಒಂದು ಸ್ಕ್ರೂಡ್ರೈವರ್ ಬಿಟ್ ಇರಲಿಲ್ಲ. ಕಡಲೆಬೀಜಕ್ಕಿಂತ ಸ್ವಲ್ಪ ದೊಡ್ಡದು. ನಿಜ ಹೇಳುತ್ತೇನೆ, ಒಂದು ಕ್ಷಣ ಸುಮ್ಮನಿದ್ದುಬಿಡೋಣ ಅನಿಸಿತು. ಹೊರಗಿನ ಅಂಗಡಿಯಲ್ಲಿ ಅಂಥದ್ದೇ ಸಿಗುತ್ತದೆ, ಬೆಳಿಗ್ಗೆ ತಂದಿಟ್ಟರೆ ಆಯಿತು, ಅಲ್ವಾ? ಆದರೆ ಅದು ವಿಮಾನವನ್ನು ತಿರುಗಿಸುವ ಕಂಟ್ರೋಲ್ ರಾಡ್‌ಗಳ ನಡುವೆ ಬಿದ್ದು ಸಿಕ್ಕಿಕೊಂಡಿದ್ದರೆ? ಬಾಯಿ ಒಣಗಿತು. ಹೋಗಿ ಹೇಳಿದೆ.

ಆ ವಿಮಾನದ ಕಾಗದಪತ್ರ ಅಲ್ಲಿಗೇ ನಿಂತಿತು. ಮುಚ್ಚಿದ್ದ ಪ್ಯಾನೆಲ್‌ಗಳನ್ನೆಲ್ಲ ಮತ್ತೆ ಬಿಚ್ಚಿದೆವು. ಮನೆಗೆ ಹೊರಟಿದ್ದ ಐದು ಜನ ನನಗೋಸ್ಕರ ಬ್ಯಾಗ್ ಕೆಳಗಿಟ್ಟರು. ಕನ್ನಡಿ, ಟಾರ್ಚ್, ಉದ್ದ ಕಡ್ಡಿಗೆ ಕಟ್ಟಿದ ಅಯಸ್ಕಾಂತ ಹಿಡಿದು ಹುಡುಕಿದೆವು. ರಾತ್ರಿ ಹನ್ನೊಂದರ ಹೊತ್ತಿಗೆ ಸಿಕ್ಕಿತು. ವಿಮಾನದ ಒಳಗಲ್ಲ, ನಾನು ಮೊಣಕಾಲು ಊರಿಕೊಂಡಿದ್ದ ಚಾಪೆಯ ಮಡಿಕೆಯಲ್ಲಿ. ಮಾರನೇ ದಿನ ಬರೆದು ವಿವರಣೆ ಕೊಟ್ಟೆ. ಯಾರೂ ಬೈಯಲಿಲ್ಲ. ಸಾರ್ಜೆಂಟ್ ಮಾತ್ರ ತಮ್ಮ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನ್ನ ಕಡೆ ತಳ್ಳಿದರು.

ಇನ್‌ಸ್ಪೆಕ್ಷನ್‌ಗೆ ಬಂದದ್ದು ಆಮೇಲೆ. ಸಂಜೆ ಹೊತ್ತು ಓದಿ ಡಿಪ್ಲೊಮಾ ಮಾಡಿದೆ. ಎನ್‌ಡಿಟಿಯಲ್ಲಿ, ಅಂದರೆ ಭಾಗವನ್ನು ಕತ್ತರಿಸದೆ ಒಡೆಯದೆ ಪರೀಕ್ಷೆ ಮಾಡುವ ವಿದ್ಯೆಯಲ್ಲಿ, ಲೆವೆಲ್ 2 ಸರ್ಟಿಫಿಕೇಟ್ ತೆಗೆದುಕೊಂಡೆ. ಹೊಸಬರಿಗೆ ಇಲ್ಲಿ ಒಂದು ಗೊಂದಲ ಇರುತ್ತದೆ. ಪ್ಯಾಸೆಂಜರ್ ವಿಮಾನದ ರಿಪೇರಿಗೆ ಸಹಿ ಹಾಕಲು ನಾಗರಿಕ ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ ಕೊಡುವ ಎಎಂಇ, ಅಂದರೆ ವಿಮಾನ ನಿರ್ವಹಣಾ ಎಂಜಿನಿಯರ್, ಲೈಸೆನ್ಸ್ ಬೇಕು. ಮಿಲಿಟರಿ ವಿಮಾನದ ವ್ಯವಸ್ಥೆ ಬೇರೆ. ಕಾರ್ಖಾನೆಯ ಇನ್‌ಸ್ಪೆಕ್ಟರ್ ನೋಡಿದ ಮೇಲೆ ಸರ್ಕಾರದ ಪರವಾಗಿ ನೋಡುವುದು ಡಿಜಿಎಕ್ಯುಎ, ಅದು ರಕ್ಷಣಾ ಸಚಿವಾಲಯದ ಕೆಳಗೆ ಬರುತ್ತದೆ. ವಿಮಾನದ ವಿನ್ಯಾಸ ಹಾರಾಟಕ್ಕೆ ಯೋಗ್ಯ ಅಂತ ಪ್ರಮಾಣಪತ್ರ ಕೊಡುವುದು ಸೆಮಿಲ್ಯಾಕ್. ಅದರ ಆಫೀಸು ಇಲ್ಲೇ ಮಾರತ್ತಹಳ್ಳಿಯಲ್ಲಿದೆ. ಲಕ್ಷಗಟ್ಟಲೆ ಕೊಟ್ಟು ಎಎಂಇ ಕೋರ್ಸ್ ಸೇರುವ ಮೊದಲು ಯಾವ ಕಡೆ ಹೋಗುತ್ತೀರಿ ಅಂತ ತೀರ್ಮಾನ ಮಾಡಿಕೊಳ್ಳಿ.

ಬಿರುಕು ಹುಡುಕುವ ಕೆಲಸದಲ್ಲಿ ತಾಳ್ಮೆಯೇ ಮುಖ್ಯ. ಭಾಗವನ್ನು ಚೆನ್ನಾಗಿ ತೊಳೆದು ಒಣಗಿಸಿ ಕೆಂಪು ಡೈ ಹಚ್ಚುತ್ತೇವೆ. ಅದು ಬಿರುಕಿನೊಳಗೆ ಇಳಿಯಲು ಹತ್ತು ನಿಮಿಷವೋ ಜಾಸ್ತಿಯೋ ಬಿಡಬೇಕು. ಆಮೇಲೆ ಮೇಲಿನ ಬಣ್ಣ ಒರೆಸಿ ಬಿಳಿ ಪುಡಿಯ ಡೆವಲಪರ್ ಸ್ಪ್ರೇ ಮಾಡಿದರೆ, ಬಿರುಕಿದ್ದ ಕಡೆ ಕೆಂಪು ಗೆರೆ ಮೆಲ್ಲಗೆ ಮೇಲೆದ್ದು ಬರುತ್ತದೆ. ಒರೆಸುವಾಗಲೇ ಹೊಸಬರು ಎಡವುವುದು. ಬೇಗ ಆಗಲಿ ಅಂತ ಸಾಲ್ವೆಂಟನ್ನು ಸೀದಾ ಭಾಗದ ಮೇಲೆ ಹೊಡೆಯುತ್ತಾರೆ. ಬಿರುಕಿನೊಳಗಿನ ಬಣ್ಣವೂ ತೊಳೆದು ಹೋಗುತ್ತದೆ, ಭಾಗ ಚೆನ್ನಾಗಿದೆ ಅಂತ ಕಾಣುತ್ತದೆ. ಸಾಲ್ವೆಂಟ್ ಬಟ್ಟೆಗೆ ಹಾಕಿಕೊಂಡು ಒರೆಸಬೇಕು.

ಒಮ್ಮೆ ಒಂದು ಬ್ರ್ಯಾಕೆಟ್‌ನ ಮೂಲೆಯಲ್ಲಿ ಕೂದಲೆಳೆಯಂಥ ಗೆರೆ ಬಂತು. ತಿಂಗಳ ಕೊನೆ, ವಿಮಾನ ಹೊರಗೆ ಹೋಗಬೇಕಿತ್ತು. ಹಿರಿಯರೊಬ್ಬರು ಪಕ್ಕದಲ್ಲಿ ನಿಂತು, "ಗೀರು ಇರಬೇಕು ಬಿಡ್ರಿ" ಅಂದರು. ನಾನು ವಾದ ಮಾಡಲಿಲ್ಲ. ಅವರೆದುರೇ ಪೂರ್ತಿ ತೊಳೆದು ಮೊದಲಿನಿಂದ ಮಾಡಿದೆ. ಗೆರೆ ಅದೇ ಜಾಗದಲ್ಲಿ ಮತ್ತೆ ಬಂತು. ಇದನ್ನು ಬಳಸಬಾರದು ಅಂತ ಕೆಂಪು ಟ್ಯಾಗ್ ಕಟ್ಟಿದೆ. ಎರಡು ದಿನ ತಡವಾಯಿತು. ಅವರು ಒಂದು ತಿಂಗಳು ನನ್ನ ಜೊತೆ ಟೀ ಕುಡಿಯಲಿಲ್ಲ. ಆಮೇಲೆ ತಾವೇ ಕರೆದರು.

ಈಗ ಬರುವವರಿಗೆ ಎರಡು ಮಾತು. ಏರ್‌ಫೋರ್ಸ್‌ಗೆ ಆಫೀಸರ್ ಅಲ್ಲದ ಸೈನಿಕರಾಗಿ ಸೇರುವ ಮುಖ್ಯ ದಾರಿ 2022ರಿಂದ ಅಗ್ನಿವೀರ್, ನಾಲ್ಕು ವರ್ಷ. ಅದರಲ್ಲಿ ಹೆಚ್ಚೆಂದರೆ ನೂರಕ್ಕೆ 25 ಜನರನ್ನು ಉಳಿಸಿಕೊಳ್ಳುತ್ತಾರೆ. ಕಾರ್ಖಾನೆ ಕಡೆಯೂ ಇಷ್ಟು ವರ್ಷ ಅಂತ ಅವಧಿ ಹಾಕಿ ತೆಗೆದುಕೊಳ್ಳುವುದು ಇದೆ. ನೋಟಿಫಿಕೇಶನ್ ಕೊನೆಯ ಸಾಲಿನವರೆಗೆ ಓದಿ. 'ಒಳಗೆ ನಮ್ಮವರಿದ್ದಾರೆ' ಅನ್ನುವವರಿಗೆ ಒಂದು ರೂಪಾಯಿ ಕೊಡಬೇಡಿ. ಸಂಬಳದಲ್ಲಿ ನನ್ನ ಸಾಫ್ಟ್‌ವೇರ್ ತಮ್ಮ ನನಗಿಂತ ಎಷ್ಟೋ ಮುಂದಿದ್ದಾನೆ, ಅದನ್ನು ಮುಚ್ಚಿಡುವುದೇನಿದೆ.

ವರ್ಷಕ್ಕೊಮ್ಮೆ ನಮಗೆ ಕಣ್ಣಿನ ಪರೀಕ್ಷೆ ಇರುತ್ತದೆ. ಹತ್ತಿರ ಹಿಡಿದ ಕಾರ್ಡಿನ ಪುಟ್ಟ ಅಕ್ಷರ ಓದಬೇಕು. ಕನ್ನಡಕ ಹಾಕಿಕೊಳ್ಳಬಹುದು. ನನ್ನದು ಮುಂದಿನ ತಿಂಗಳು. ಅಕ್ಷರ ಸ್ವಲ್ಪ ಮಂಜಾದ ಹಾಗೆ ಅನಿಸಿ ಹೋದ ಭಾನುವಾರ ಕನ್ನಡಕದ ಅಂಗಡಿಗೆ ಹೋಗಿದ್ದೆ. ಅಂಗಡಿಯ ಹುಡುಗ ಬಿಸಿಲಿಗೆ ಹೋದರೆ ತಾನೇ ಕಪ್ಪಾಗುವ ಗ್ಲಾಸ್ ತೋರಿಸಿ, "ಇದೇ ತಗೊಳ್ಳಿ ಸರ್, ಆಫರ್ ಇದೆ" ಅಂತ ಬಿಡದೆ ಹೇಳಿದ. ಅದು ನಮಗೆ ಆಗುವುದಿಲ್ಲ. ಹೊಳೆಯುವ ಡೈ ಹಾಕಿ ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯಲೆಟ್ ದೀಪ ಹಚ್ಚಿ ನೋಡುತ್ತೇವಲ್ಲ, ಆ ಬೆಳಕಿಗೂ ಅಂಥ ಗ್ಲಾಸ್ ಕಪ್ಪಾಗಿಬಿಡುತ್ತದೆ. ಇದನ್ನೆಲ್ಲ ಅವನಿಗೆ ಹೇಳುತ್ತಾ ಕೂರಲಿಲ್ಲ. ಸಾದಾ ಗ್ಲಾಸ್ ಸಾಕಪ್ಪ ಅಂದು ಅಡ್ವಾನ್ಸ್ ಕೊಟ್ಟು ಬಂದೆ.