ಗೇರ್ ಲಿವರ್ ತೂಗಾಡುತ್ತಿದೆಯೇ? ಗೇರ್‌ಬಾಕ್ಸ್ ಇಳಿಸುವ ಮೊದಲು ಕಾರಿನಡಿ ನೋಡಿ

ಹಳೆಯ ಮಾರುತಿ 800 ಅಥವಾ ಝೆನ್ ಕಾರಿನಲ್ಲಿ ಗೇರ್ ಸರಿಯಾಗಿ ಬೀಳದಿದ್ದರೆ ಮೊದಲ ಬೈಗುಳ ಗೇರ್‌ಬಾಕ್ಸಿಗೆ, ಎರಡನೆಯದು ಕ್ಲಚ್ ಪ್ಲೇಟಿಗೆ. ಎರಡಕ್ಕೂ ದುಡ್ಡು ಸುರಿದ ಮೇಲೂ ಲಿವರ್ ಮೊದಲಿನ ಹಾಗೇ ತೂಗಾಡುವುದುಂಟು. ಏಕೆಂದರೆ ಎಷ್ಟೋ ಸಲ ಕೆಟ್ಟಿರುವುದು ಅವೆರಡೂ ಅಲ್ಲ, ಲಿವರ್ ಕೂತಿರುವ ಮೌಂಟ್. ಅಂಗೈ ಅಗಲದ ಒಂದು ತಗಡಿನ ಪಟ್ಟಿ, ಅದರ ರಬ್ಬರ್, ಎರಡು ನಟ್ಟು. ಇಷ್ಟರಲ್ಲಿ ಎಲ್ಲೋ ಒಂದು ಕಡೆ ಬಿರುಕು.

ಬಳ್ಳಾರಿ ಸೀಮೆಯಲ್ಲಿ ಈ ರೋಗ ಬೇಗ ಬರುತ್ತದೆ. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಕಾರಿನ ಅಡಿಯಲ್ಲಿ ಅದಿರಿನ ಕೆಂಪು ದೂಳು ಗ್ರೀಸಿನ ಜೊತೆ ಸೇರಿ ಅರೆಯುವ ಪೇಸ್ಟಿನಂತೆ ಆಡುವ ಭಾಗಗಳ ನಡುವಿನ ಬಳೆಗಳಾದ ಬುಷ್‌ಗಳನ್ನು ತಿನ್ನುತ್ತದೆ. ಸಿರುಗುಪ್ಪ, ಗಂಗಾವತಿ ಕಡೆಯ ಎರೆಮಣ್ಣು ಇನ್ನೊಂದು ಬಗೆಯ ಕಾಟ: ಮಳೆಗಾಲದಲ್ಲಿ ಪಟ್ಟಿಯ ಸಂದಿಗೆ ಮೆತ್ತಿಕೊಂಡರೆ ವಾರಗಟ್ಟಲೆ ತೇವ ಹಿಡಿದು ತಗಡನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಜೊತೆಗೆ ಬೇಸಿಗೆಯ ಕಾವು, ಪಕ್ಕದಲ್ಲೇ ಹಾಯುವ ಸೈಲೆನ್ಸರ್ ಪೈಪಿನ ಕಾವು ಸೇರಿ ರಬ್ಬರ್ ಕಲ್ಲಿನಂತಾಗುತ್ತದೆ. ರಬ್ಬರ್ ಗಟ್ಟಿಯಾದ ಮೇಲೆ ಎಂಜಿನ್ನಿನ ಪೆಟ್ಟೆಲ್ಲ ತಗಡಿಗೇ ಬೀಳುತ್ತದೆ, ಬೋಲ್ಟಿನ ತೂತಿನಿಂದ ಬಿರುಕು ಶುರುವಾಗುತ್ತದೆ.

ರಬ್ಬರ್ ಅಲ್ಲಿ ಏಕಿದೆ ಎಂಬುದು ಗೊತ್ತಿಲ್ಲದೆ ಮಾಡುವ ರಿಪೇರಿಯೇ ಹೆಚ್ಚು ಕೆಡುವುದು. ಈ ಕಾರುಗಳಲ್ಲಿ ಎಂಜಿನ್ ಅಡ್ಡಡ್ಡ ಕೂತಿರುತ್ತದೆ. ಲಿವರ್‌ನಿಂದ ಗೇರ್‌ಬಾಕ್ಸಿಗೆ ಎರಡು ರಾಡುಗಳು ಹೋಗುತ್ತವೆ. ಒಂದು ಗೇರ್ ಬದಲಿಸುತ್ತದೆ. ಇನ್ನೊಂದು ಗೇರ್‌ಬಾಕ್ಸಿನ ಮೈಯನ್ನೂ ಲಿವರಿನ ಹೌಸಿಂಗನ್ನೂ (ಲಿವರ್ ಬುಡ ಕೂತಿರುವ ಗೂಡು) ಕಟ್ಟಿಹಾಕುತ್ತದೆ. ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಎಂಜಿನ್ ಹಿಂದೆ ಮುಂದೆ ವಾಲುತ್ತದಲ್ಲ, ಆಗ ಎರಡನೆಯ ರಾಡು ಹೌಸಿಂಗನ್ನೂ ಜೊತೆಗೆ ಒಯ್ಯಬೇಕು. ಹಾಗೆ ಒಯ್ಯಲು ಎಡೆ ಕೊಡುವುದೇ ರಬ್ಬರ್. ಅದನ್ನು ತೆಗೆದು ವಾಷರ್ ಪೇರಿಸಿ ಹೌಸಿಂಗನ್ನು ನೆಲದ ತಗಡಿಗೆ ಗಟ್ಟಿಯಾಗಿ ಬಿಗಿದುಬಿಟ್ಟರೆ ನಿಂತ ಕಾರಿನಲ್ಲಿ ಲಿವರ್ ಬಲು ಚೆನ್ನಾಗಿರುತ್ತದೆ. ರಸ್ತೆಗಿಳಿದು ಗುಂಡಿ ಹಾರಿದೊಡನೆ ಗೇರ್ ತಾನಾಗಿ ನ್ಯೂಟ್ರಲ್ಲಿಗೆ ಬರುತ್ತದೆ.

ಮೊದಲು ಪತ್ತೆ

ಎಂಜಿನ್ ಬಂದ್ ಮಾಡಿ ಒಬ್ಬರು ಒಳಗೆ ಕೂತು ಲಿವರ್ ಆಡಿಸಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗೆ ನೋಡಲಿ. ಲಿವರ್ ಜೊತೆ ಹೌಸಿಂಗೇ ಓಲಾಡುತ್ತಿದ್ದರೆ ಮೌಂಟ್ ಮುರಿದಿದೆ. ಹೌಸಿಂಗ್ ನಿಂತಿದ್ದು, ಲಿವರ್ ಅಲ್ಲಾಡಿದರೂ ರಾಡು ಅಲ್ಲಾಡದಿದ್ದರೆ ಲಿವರ್ ಬುಡದ ಬುಷ್ ಸವೆದಿದೆ. ರಾಡು ಅಲ್ಲಾಡಿ, ಗೇರ್‌ಬಾಕ್ಸಿನ ತುದಿ ಸುಮ್ಮನಿದ್ದರೆ ಮುಂದಿನ ಜಾಯಿಂಟ್. ಎಲ್ಲವೂ ಸರಿಯಾಗಿ ಆಡಿ, ಎಂಜಿನ್ ಬಂದ್ ಇದ್ದಾಗ ಸಲೀಸಾಗಿ ಬೀಳುವ ಗೇರ್ ಚಾಲೂ ಆದಾಗ ಮಾತ್ರ ಕರಕರ ಎಂದರೆ ಅದು ಕ್ಲಚ್ಚಿನ ಮಾತು. ಕ್ಲಚ್ ಕೇಬಲ್ಲಿನ ಪ್ಲೇ (ಸಡಿಲು) ನೋಡಿ, ಈ ಲೇಖನ ಅಲ್ಲಿಗೆ ಸಾಕು.

ಎಂಜಿನ್ ಮೌಂಟಿಂಗ್ ಕೂಡ ಈಗಲೇ ನೋಡಿಕೊಳ್ಳಿ. ಬಾನೆಟ್ ಎತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ, ಕ್ಲಚ್ ಸ್ವಲ್ಪ ಬಿಟ್ಟಾಗ ಎಂಜಿನ್ ಎದ್ದು ಕೂತ ಹಾಗೆ ವಾಲಿದರೆ ಅದರ ರಬ್ಬರ್ ಹರಿದಿದೆ. ಅದನ್ನು ಬದಲಿಸದೆ ಲಿವರ್ ಮೌಂಟ್ ಒಂದನ್ನೇ ಸರಿಮಾಡಿದರೆ ಹೊಸ ವೆಲ್ಡೂ ಅದೇ ಜಾಗದಲ್ಲಿ ಬಿರಿಯುತ್ತದೆ.

ಬಿಚ್ಚುವುದು

ಕಾರನ್ನು ಜಾಕ್ ಮೇಲೆ ಬಿಟ್ಟು ಅಡಿಗೆ ಹೋಗಬೇಡಿ. ಇಟ್ಟಿಗೆ, ಸೈಜುಗಲ್ಲು ಕೂಡ ಬೇಡ. ಹೊರಗೆ ಏನೂ ಕಾಣದೆ ಒಳಗೇ ಸೀಳಿ ಒಮ್ಮೆಗೇ ಒಡೆಯುತ್ತವೆ. ಕಬ್ಬಿಣದ ಸ್ಟ್ಯಾಂಡ್ ಎರಡು ಬಾಡಿಗೆಗೆ ತನ್ನಿ, ಹಿಂದಿನ ಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ಸೈಲೆನ್ಸರ್ ಪೈಪ್ ತಣ್ಣಗಾಗಲು ಒಂದು ತಾಸು ಬೇಕು.

ಲಿವರ್ ತುದಿಯ ಗುಂಡಿ, ಅದರ ಬುಡಕ್ಕೆ ದೂಳು ತಡೆಯುವ ಬೂಟು, ಸುತ್ತಲಿನ ಕನ್ಸೋಲ್ ತೆಗೆಯುವುದು ಹೇಳುವಂಥ ಕೆಲಸವಲ್ಲ.

ಕೆಳಗಿನ ನಟ್ಟುಗಳು ಮಾತ್ರ ತಾಳ್ಮೆ ಕೇಳುತ್ತವೆ. ಅವು ಕೂತಿರುವ ಬೋಲ್ಟು ನೆಲದ ತಗಡಿಗೇ ವೆಲ್ಡ್ ಆಗಿದ್ದರೆ, ತುಕ್ಕು ಹಿಡಿದ ನಟ್ಟನ್ನು ಒತ್ತಾಯದಿಂದ ತಿರುಗಿಸಿದಾಗ ಬೋಲ್ಟೇ ಕಿತ್ತು ಬರುತ್ತದೆ. ಹಿಂದಿನ ರಾತ್ರಿ ವೈರ್ ಬ್ರಷ್‌ನಿಂದ ಮಣ್ಣು ಉಜ್ಜಿ ತುಕ್ಕು ಸಡಿಲಿಸುವ ಡಬ್ಲ್ಯೂಡಿ-40 ಹೊಡೆದಿಡಿ. ಬೆಳಿಗ್ಗೆ ಇನ್ನೊಮ್ಮೆ ಹೊಡೆಯಿರಿ. ರಿಂಗ್ ಪಾನಾದಿಂದ ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ತುಕ್ಕಿನ ಹಿಡಿತ ಬಿಟ್ಟ ಮೇಲೆ ಸಡಿಲಿಸಿ. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ಹಿಂದಕ್ಕೆ ಬನ್ನಿ. ಆದರೂ ಬರದಿದ್ದರೆ ನಟ್ಟನ್ನೇ ಗರಗಸದಿಂದ ಸೀಳಿಬಿಡಿ, ಬೋಲ್ಟು ಉಳಿಯಲಿ. ಬಾಯಿ ತೆರೆದ ಡಬಲ್ ಎಂಡ್ ಪಾನಾ ಹಾಕಿ ಸುತ್ತಿಗೆಯಿಂದ ಬಡಿದರೆ ನಟ್ಟಿನ ಮೂಲೆಗಳು ಉರುಟಾಗಿ ಅರ್ಧ ದಿನ ಹೋಯಿತೆಂದೇ ಲೆಕ್ಕ.

ಬಿಚ್ಚುವ ಮೊದಲು ಹೌಸಿಂಗ್ ಎಲ್ಲಿ ಕೂತಿತ್ತೆಂದು ಸೂಜಿಯಂಥ ಮೊಳೆಯಿಂದ ಸುತ್ತಲೂ ಗೀರು ಹಾಕಿ, ಫೋನಿನಲ್ಲಿ ಎರಡು ಬದಿಯ ಫೋಟೊ ತೆಗೆದುಕೊಳ್ಳಿ.

ಬಿರುಕು, ವೆಲ್ಡಿಂಗ್

ಇಲ್ಲಿಂದ ಮುಂದೆ ಅವಸರ ಸಲ್ಲದು.

ಪಟ್ಟಿಯನ್ನು ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ, ಹೊಳೆಯುವ ಲೋಹ ಕಾಣುವ ತನಕ ಉಜ್ಜಿ. ಕಣ್ಣಿಗೆ ಕಾಣುವ ಬಿರುಕು ಸಾಮಾನ್ಯವಾಗಿ ಪೂರ್ತಿ ಬಿರುಕಲ್ಲ, ತುದಿ ಇನ್ನೂ ಮುಂದೆ ಹೋಗಿರುತ್ತದೆ. ಸೀಮೆಎಣ್ಣೆ ಸವರಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರೆ ಬಿರುಕಿನೊಳಗಿನ ಎಣ್ಣೆ ಮೇಲೆ ಬಂದು ಗೆರೆ ಮೂಡುತ್ತದೆ. ಆ ಗೆರೆ ಮುಗಿಯುವಲ್ಲಿ ಪಂಚ್ ಹೊಡೆದು 3 ಎಂಎಂ ತೂತು ಕೊರೆಯಿರಿ. ಈ ತೂತು ಇಲ್ಲದಿದ್ದರೆ ವೆಲ್ಡ್ ಎಷ್ಟೇ ಚಂದ ಕಂಡರೂ ಬಿರುಕು ಅದರ ಪಕ್ಕದಿಂದ ಓಡುತ್ತದೆ. ನಂತರ ಬಿರುಕಿನ ಉದ್ದಕ್ಕೂ ವಿ ಆಕಾರದಲ್ಲಿ ಗ್ರೈಂಡ್ ಮಾಡಿ ಎಡೆ ಮಾಡಿ.

ಎಂ-ಸೀಲ್ ಹಚ್ಚಿ ಮುಗಿಸುವವರಿದ್ದಾರೆ. ನೀರಿನ ಪೈಪಿಗೆ ಅದು ಒಳ್ಳೆಯ ವಸ್ತು. ಅದುರುವ ತಗಡಿಗೆ ಹಚ್ಚಿದರೆ ಒಂದು ಬೇಸಿಗೆಯೂ ಬಾಳುವುದಿಲ್ಲ. ಮುಂದೆ ವೆಲ್ಡ್ ಮಾಡುವವನಿಗೆ ಅದನ್ನು ಕೆರೆಯುವ ಕೆಲಸ ಬೇರೆ.

ವೆಲ್ಡಿಂಗ್ ಅಂಗಡಿಗೆ ಹೋಗುವಾಗ ಗೇಟು, ಗ್ರಿಲ್ ಮಾಡುವಲ್ಲಿಗೆ ಹೋಗಬೇಡಿ. ಅಲ್ಲಿರುವುದು ಆರ್ಕ್ ವೆಲ್ಡಿಂಗ್, ಕೈಗೆ ಸಿಗುವುದು 3.15 ಎಂಎಂ ರಾಡು. ಕಾರಿನ ನೆಲದ ತಗಡು ಒಂದು ಎಂಎಂ ಕೂಡ ದಪ್ಪವಿರುವುದಿಲ್ಲ. ತಾಗಿಸಿದೊಡನೆ ತೂತು ಬೀಳುತ್ತದೆ. ಬಾಡಿ ಕೆಲಸ ಮಾಡುವವರಲ್ಲಿ 0.8 ಎಂಎಂ ವೈರಿನ ಸಿಒಟು (ಕಾರ್ಬನ್ ಡೈಆಕ್ಸೈಡ್ ಅನಿಲದ) ವೆಲ್ಡಿಂಗ್ ಕೇಳಿ. ಅದು ಸಿಗದ ಊರಿನಲ್ಲಿ ಗ್ಯಾಸಿನಿಂದ ಹಿತ್ತಾಳೆ ಹಾಕಿಸುವುದು ಆರ್ಕಿಗಿಂತ ಎಷ್ಟೋ ಮೇಲು. ಹಿತ್ತಾಳೆ ಹಾಕಿಸುವುದಾದರೆ ವಿ ಎಡೆ ಬೇಡ, ಬಿರುಕಿನ ಮೇಲೆ ತೇಪೆ ತಗಡು ಕೂರಿಸಿ ಅದರ ಅಂಚು, ಸಂದಿಗೆ ಹಿತ್ತಾಳೆ ಹರಿಯಬೇಕು.

ಬಿರುಕು ಬೋಲ್ಟಿನ ತೂತನ್ನೇ ಸೀಳಿದ್ದರೆ ಬರೀ ತುಂಬಿಸಿದರೆ ಸಾಲದು. 2 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ತಗಡಿನಿಂದ ಬಿರುಕಿಗಿಂತ ಸುತ್ತಲೂ 15 ಎಂಎಂ ಹೆಚ್ಚಿರುವ ತೇಪೆ ಕತ್ತರಿಸಿ. ಮೂಲೆಗಳನ್ನು ಫೈಲಿನಿಂದ ದುಂಡಗೆ ಮಾಡಿ. ಚೂಪು ಮೂಲೆಯಿಂದಲೇ ಮುಂದಿನ ಬಿರುಕು ಹುಟ್ಟುತ್ತದೆ. 4 ಅಥವಾ 5 ಎಂಎಂ ದಪ್ಪದ ತೇಪೆ ಹಾಕಿಸುವ ಆಸೆ ಬೇಡ. ಅಷ್ಟು ಗಟ್ಟಿ ತುಂಡು ಬಾಗುವುದಿಲ್ಲ, ತೇಪೆ ಮುಗಿದಲ್ಲಿ ತೆಳು ತಗಡು ಹರಿಯುತ್ತದೆ.

ಪಟ್ಟಿ ಕಾರಿನಿಂದ ಬಿಚ್ಚಿ ಬರುವಂತಿದ್ದರೆ ಪುಣ್ಯ, ಕಾರಿನಲ್ಲಿ ಜಾಗ ಕೂಡಿಸಿ ಚುಕ್ಕಿ ವೆಲ್ಡ್ ಹಾಕಿದ ಮೇಲೆ ಉಳಿದ ಕೆಲಸ ಮೇಜಿನ ಮೇಲೆ ಮುಗಿಯುತ್ತದೆ. ಕಾರಿನಲ್ಲಿ ಚುಕ್ಕಿ ವೆಲ್ಡಾದರೂ ಹಾಕುವ ಮುನ್ನ ಬ್ಯಾಟರಿಯ ಎರಡೂ ತಂತಿ ಕಳಚಿ, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇರುವ) ಗಾಡಿಯಾದರೆ ಎಂಜಿನ್ ಕಂಪ್ಯೂಟರಾದ ಇಸಿಎಂನ ಕನೆಕ್ಟರನ್ನೂ ಬಿಡಿಸಿ. ಕಾರ್ಪೆಟ್, ಅದರಡಿಯ ನಾರಿನ ಫೆಲ್ಟ್ ಪೂರ್ತಿ ತೆಗೆಯಿರಿ. ಕೆಳಗಿನಿಂದ ವೆಲ್ಡ್ ಮಾಡುವಾಗ ಒಳಗಿನ ಫೆಲ್ಟ್ ಸದ್ದಿಲ್ಲದೆ ಹೊಗೆಯಾಡುತ್ತದೆ. ಪೆಟ್ರೋಲ್ ಪೈಪು, ಬ್ರೇಕ್ ಪೈಪು ನೆಲದ ಅಡಿಯಲ್ಲೇ ಹಾದುಹೋಗುತ್ತವೆ, ಅವುಗಳಿಗೆ ಒದ್ದೆ ಗೋಣಿ ಸುತ್ತಿ. ಎಲ್‌ಪಿಜಿ ಕಿಟ್ ಇರುವ ಗಾಡಿಯನ್ನು ಟ್ಯಾಂಕ್ ಇಳಿಸದೆ ಮುಟ್ಟಲು ಬಿಡಬೇಡಿ. ಅರ್ಥ್ ಕ್ಲಾಂಪ್ ವೆಲ್ಡ್ ಮಾಡುವ ಜಾಗದಿಂದ ಒಂದು ಗೇಣಿನೊಳಗೆ ಇರಲಿ, ಬಂಪರಿಗೆ ಸಿಕ್ಕಿಸುವುದಲ್ಲ. ಪಕ್ಕದಲ್ಲಿ ಬಕೆಟ್ ಮರಳು ಮತ್ತು ನೋಡಿಕೊಳ್ಳಲು ಒಬ್ಬರು ಬೇಕು.

ಜಾಗ ಕೂಡಿಸುವುದು

ವೆಲ್ಡ್ ಮಾಡಿದ ಮೇಲೆ ಲಿವರ್ ಕೂಡಿಸಹೋದರೆ ಮೊದಲ ಮತ್ತು ಮೂರನೆಯ ಗೇರ್ ಮಾತ್ರ, ಅಥವಾ ಎರಡು ಮತ್ತು ನಾಲ್ಕು ಮಾತ್ರ ಸಿಗುವುದುಂಟು. ಪಟ್ಟಿ ಹಿಂದೆ ಅಥವಾ ಮುಂದೆ ಸರಿದಿದೆ ಎಂದು ಅರ್ಥ. ಆದ್ದರಿಂದ ಕೂಡಿಸುವುದು ಮೊದಲು, ವೆಲ್ಡ್ ಆಮೇಲೆ.

ರಬ್ಬರ್ ಇಟ್ಟುಕೊಂಡು ವೆಲ್ಡ್ ಮಾಡಿದರೆ ಕರಗುತ್ತದೆ. ಅದರ ಬದಲು ಕಬ್ಬಿಣದ ಪೈಪಿನ ತುಂಡು ಸ್ಪೇಸರ್ ಆಗಿ ಬೇಕು. ಅದರ ಎತ್ತರ ಬಿಡಿ ರಬ್ಬರಿನದಲ್ಲ, ನಟ್ಟು ಬಿಗಿದಾಗ ಒತ್ತಿಕೊಂಡ ರಬ್ಬರಿನದು. ಹೊಸ ರಬ್ಬರನ್ನು ಅದರ ವಾಷರ್, ಒಳಗಿನ ಸ್ಲೀವ್ ಸಮೇತ ಬೋಲ್ಟಿಗೆ ಹಾಕಿ ಬಿಗಿದು ಅಳೆಯಿರಿ. ಬಿಡಿಯಾಗಿ 20 ಎಂಎಂ ಇದ್ದದ್ದು 18ಕ್ಕೆ ಇಳಿದರೆ ಸ್ಪೇಸರ್ 18. ಲೇಥಿನವರಿಗೆ ಐದು ನಿಮಿಷದ ಕೆಲಸ.

ಗೇರ್‌ಬಾಕ್ಸ್ ನ್ಯೂಟ್ರಲ್ಲಿನಲ್ಲಿರಲಿ. ಎರಡೂ ರಾಡುಗಳ ಮುಂದಿನ ಬೋಲ್ಟುಗಳು ಬಿಗಿಯಾಗಿರಲಿ, ಇಲ್ಲದಿದ್ದರೆ ಅಳತೆಯೆಲ್ಲ ಸುಳ್ಳು. ಹೌಸಿಂಗಿನಡಿ ಮರದ ತುಂಡಿಟ್ಟು ಜಾಕಿನಿಂದ ಹಗುರಾಗಿ ಆನಿಸಿ. ಪಟ್ಟಿ, ಸ್ಪೇಸರ್ ಹಾಕಿ ನಟ್ಟುಗಳನ್ನು ಕೈಬಿಗಿಯಷ್ಟೇ ಇಡಿ. ಈಗ ಲಿವರ್ ನೆಟ್ಟಗೆ ನಿಂತಿದೆಯೇ, ಲಿವರ್ ಆಡುವ ದಾರಿಗೆ ಗಡಿ ಹಾಕುವ ಗೈಡ್ ಪ್ಲೇಟಿನ ನಡುಮಧ್ಯ ಇದೆಯೇ ನೋಡಿ. ಮೂರಕ್ಕೆ ಹಾಕಿದಾಗ ಮುಂದೆ ಉಳಿಯುವ ಎಡೆ, ನಾಲ್ಕಕ್ಕೆ ಹಾಕಿದಾಗ ಹಿಂದೆ ಉಳಿಯುವ ಎಡೆ ಸಮ ಇರಬೇಕು. ಪ್ಲಾಸ್ಟಿಕ್ ಕಡ್ಡಿ ತೂರಿಸಿ ನೋಡಿದರೆ ಸಾಕು. ಒಂದು ಕಡೆ ಲಿವರ್ ತಾಗುತ್ತಿದ್ದರೆ ಗೇರ್ ಪೂರ್ತಿ ಕೂರುವುದಿಲ್ಲ, ಹಲ್ಲಿನ ತುದಿಯಲ್ಲೇ ನಿಂತು ಹೊರೆ ಬಿದ್ದಾಗ ಜಾರುತ್ತದೆ. ರಿವರ್ಸ್ ಕೂಡ ಹಾಕಿ ನೋಡಿ.

ಸಮ ಬಂದಾಗ ಎರಡೇ ಚುಕ್ಕಿ ವೆಲ್ಡ್ (ಟ್ಯಾಕ್) ಹಾಕಿಸಿ. ಮತ್ತೆ ಎಲ್ಲ ಗೇರುಗಳನ್ನೂ ಹಾಕಿ ನೋಡಿ. ವೆಲ್ಡರ್ ಗೊಣಗಬಹುದು, ಗೊಣಗಲಿ. ಆಮೇಲೆ 10–15 ಎಂಎಂ ಉದ್ದದ ತುಂಡು ತುಂಡು ವೆಲ್ಡ್, ಒಮ್ಮೆ ಈ ಬದಿ, ಒಮ್ಮೆ ಆ ಬದಿ, ನಡುನಡುವೆ ಆರಲು ಬಿಟ್ಟು. ಒಂದೇ ಉಸಿರಿಗೆ ಎಳೆದರೆ ತಗಡು ಸೊಟ್ಟಗಾಗಿ, ಕೂಡಿಸಿದ್ದೆಲ್ಲ ಹೋಗುತ್ತದೆ. ನೀರು ಹೊಯ್ದು ಆರಿಸಬೇಡಿ. ಆರಿದ ಮೇಲೆ ಝಿಂಕ್ ಪ್ರೈಮರ್, ಒಣಗಿದ ಮೇಲೆ ಅಂಡರ್‌ಬಾಡಿ ಕೋಟಿಂಗ್. ಬೋಲ್ಟಿನ ತಿರುಪಿನ ಗೆರೆಗಳಿಗೆ ಮೊದಲೇ ಟೇಪ್ ಸುತ್ತಿ.

ರಬ್ಬರ್, ಗ್ರೀಸ್, ನಟ್ಟು

ರಬ್ಬರ್ ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ಯಿರಿ, ಮಾದರಿ ವರ್ಷಕ್ಕೆ ತಕ್ಕಂತೆ ಅಳತೆ ಬೇರೆಯಾಗುತ್ತದೆ. ಉಗುರಿನಿಂದ ಒತ್ತಿದರೆ ಗುರುತು ಉಳಿಯುವ, ಕೈಗೆ ಮಸಿ ಹತ್ತುವ ಡುಪ್ಲಿಕೇಟ್ ರಬ್ಬರ್ ಬೇಡ. ಅಲ್ಯುಮಿನಿಯಂ ಬುಷ್ ಹಾಕಿಸಿ ಎನ್ನುವ ಸಲಹೆಯನ್ನೂ ಕೇಳಬೇಡಿ. ಲಿವರ್ ಬಿಗಿಯಾಗುತ್ತದೆ ನಿಜ, ಎಂಜಿನ್ನಿನ ನಡುಕವೆಲ್ಲ ಅಂಗೈಗೆ ಬರುತ್ತದೆ, ದೂಳು ಹೊಕ್ಕರೆ ಪಿನ್ನನ್ನೇ ಸವೆಸುತ್ತದೆ. ನೈಲಾನ್ ಬುಷ್ಷೇ ಸರಿ.

ಒಳಗಿನ ಸ್ಲೀವ್ ಮರೆಯುವುದು ಎಲ್ಲೆಡೆ ಕಾಣುವ ತಪ್ಪು. ನಟ್ಟು ಬಂದು ನಿಲ್ಲಬೇಕಾದದ್ದು ಸ್ಲೀವಿನ ಮೇಲೆ. ಅದಿಲ್ಲದಿದ್ದರೆ ಬಿಗಿದಷ್ಟೂ ರಬ್ಬರ್ ಹಿಂಡಿಹೋಗಿ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಹಳೆಯ ಸ್ಲೀವ್ ತುಕ್ಕು ತಿಂದಿದ್ದರೆ ಹೊಸದನ್ನು ಲೇಥಿನಲ್ಲಿ ಮಾಡಿಸಿ.

ರಬ್ಬರಿಗೆ ಗ್ರೀಸ್ ಹಚ್ಚಬೇಡಿ, ಉಬ್ಬಿ ಮೆತ್ತಗಾಗುತ್ತದೆ; ತೂರಿಸಲು ಸೋಪಿನ ನೀರು ಸಾಕು. ಲಿವರಿನ ಗುಂಡು ಕೂರುವ ಜಾಗಕ್ಕೆ, ನೈಲಾನ್ ಬುಷ್‌ಗಳಿಗೆ ಲಿಥಿಯಂ ಗ್ರೀಸ್, ಅದೂ ಕಡಲೆಕಾಳಿನಷ್ಟು. ಹೊರಗೆ ಮೆತ್ತಿದ ಗ್ರೀಸ್ ದೂಳಿಗೆ ಆಹ್ವಾನ. ಹರಿದ ಬೂಟನ್ನು ಟ್ಯೂಬಿನ ತುಂಡಿನಿಂದ ಕಟ್ಟಿ ಬಿಡುವ ಬದಲು ಹೊಸದು ಹಾಕಿ.

ಸೈಲೆನ್ಸರ್ ಹತ್ತಿರದ ನಟ್ಟಿಗೆ ನೈಲಾನ್ ಉಂಗುರದ ಲಾಕ್ ನಟ್ ಬೇಡ, ಕಾವಿಗೆ ಹಿಡಿತ ಬಿಡುತ್ತದೆ. ಸಾದಾ ನಟ್ಟು, ಸ್ಪ್ರಿಂಗ್ ವಾಷರ್ ಹಾಕಿ. 6 ಎಂಎಂ ಬೋಲ್ಟಿಗೆ 10 ನ್ಯೂಟನ್ ಮೀಟರ್ ಬಿಗಿ ಸಾಕು. ಟಾರ್ಕ್ ಪಾನಾ ಇಲ್ಲದಿದ್ದರೆ ಚಿಕ್ಕ ಪಾನಾವನ್ನು ನಡುವೆ ಹಿಡಿದು ಮಣಿಕಟ್ಟಿನ ಬಲದಲ್ಲಿ ಬಿಗಿಯಿರಿ, ತೋಳಿನ ಬಲ ಹಾಕಬೇಡಿ.

ಓಡಿಸಿ ನೋಡುವಾಗ ಎರಡನೆಯ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಆಕ್ಸಿಲರೇಟರ್ ಒಮ್ಮೆ ಒತ್ತಿ ಒಮ್ಮೆ ಪೂರ್ತಿ ಬಿಡಿ. ಲಿವರ್ ತುಸು ಹಿಂದೆ ಮುಂದೆ ಉಸಿರಾಡುವುದು ಸಹಜ, ಗೇರ್ ಬಿಟ್ಟುಕೊಳ್ಳಬಾರದು. ಬಿಟ್ಟುಕೊಂಡರೆ ಮತ್ತೆ ಗೈಡ್ ಪ್ಲೇಟಿನ ಎಡೆ ನೋಡಿ. 200 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳಿಗೆ ಇನ್ನೊಮ್ಮೆ ಪಾನಾ ಹಾಕಿ, ವೆಲ್ಡಿನ ಅಂಚಿನಲ್ಲಿ ಬಣ್ಣ ಬಿರಿದಿದೆಯೇ ಟಾರ್ಚ್ ಹಿಡಿದು ನೋಡಿ. ಬಿರಿದಿದ್ದರೆ ಅದರಡಿ ತಗಡೂ ಬಿರಿಯುತ್ತಿದೆ. ಆಗ ಮೊದಲು ನೋಡಬೇಕಾದದ್ದು ಎಂಜಿನ್ ಮೌಂಟಿಂಗ್.