ಮನೆ ರಿಪೇರಿಗೆ ಕೈ ಹಾಕುವ ಮೊದಲು: ಕುಶಾಲನಗರಕ್ಕೆ ಬಂದ ಹೊಸಬರಿಗೆ ನಮ್ಮ ಕನ್ನಡ ಸಂಘದ ಮಾರ್ಗದರ್ಶಿ

ಕೊಡಗಿನ ಕುಶಾಲನಗರದಲ್ಲಿ ನೆಲೆಸಿರುವ ನಮ್ಮವರಲ್ಲಿ ಬಹಳಷ್ಟು ಜನ ಮಡಿಕೇರಿಯ ಬಾಡಿಗೆ ಕೇಳಿ ಗಾಬರಿಯಾಗಿ ಕೆಳಗಿಳಿದು ಬಂದವರು. ಕಾಫಿ ಕ್ಯೂರಿಂಗ್, ಶಾಲೆ, ಬ್ಯಾಂಕು, ಲಾರಿ, ಏನೋ ಒಂದು ಕೆಲಸ ಹಿಡಿದು ಮೂರ್ನಾಲ್ಕು ವರ್ಷ ಬಾಡಿಗೆ ಮನೆಯಲ್ಲಿರುತ್ತಾರೆ. ಆಮೇಲೆ ಮುಳ್ಳುಸೋಗೆಯಲ್ಲೋ ಗುಮ್ಮನಕೊಲ್ಲಿಯಲ್ಲೋ ಹಳೇ ಹೆಂಚಿನ ಮನೆಯೊಂದು ಕೈಗೆಟಕುವ ರೇಟಿಗೆ ಸಿಕ್ಕಿತೆಂದು ತಗೊಳ್ಳುತ್ತಾರೆ. ಮರುದಿನವೇ ಶುರು: ಅಡುಗೆಮನೆ ದೊಡ್ಡದು ಮಾಡಬೇಕು, ಬಚ್ಚಲು ಒಳಗೆ ತರಬೇಕು, ಮೇಲೊಂದು ರೂಮು ಎಬ್ಬಿಸಬೇಕು. ಯಾರನ್ನು ಕರೆಯೋದು, ಎಷ್ಟು ಕೊಡೋದು ಎಂದು ಸಂಘದ ಸಭೆಗೆ ಬಂದವರೆಲ್ಲ ಕೇಳುತ್ತಾರೆ. ರಾಜ್ಯೋತ್ಸವದ ಲೆಕ್ಕಪತ್ರ ಮಂಡನೆ ಮುಗಿಯುವ ಮೊದಲೇ ಕೇಳುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇವೆ. ಬರೆಯುತ್ತಿರುವ ನಾನು ಚಳ್ಳಕೆರೆ ಕಡೆಯವನು. ಮಳೆ ಎಂದರೇನೆಂದು ಇಲ್ಲಿಗೆ ಬಂದ ಮೇಲೆ ತಿಳಿದವನು.

ತಿಂಗಳು ನೋಡಿ, ಆಮೇಲೆ ಮುಹೂರ್ತ

ನಮ್ಮೂರ ಕಡೆ ಕೆಲಸ ಶುರು ಮಾಡಲು ಒಳ್ಳೆಯ ದಿನ ನೋಡುತ್ತೇವೆ. ನೋಡಿ, ಬೇಡ ಅನ್ನುವುದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಂಥ ಮುಹೂರ್ತವಿದ್ದರೂ ಹೊರಗಿನ ಕೆಲಸ ಬೇಡ. ಮಡಿಕೇರಿಯಲ್ಲಿ ವರ್ಷದ ಮಳೆ 3000 ಮಿಲಿಮೀಟರ್ ದಾಟುತ್ತದೆ, ಇಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಅದನ್ನೇ ನಂಬಿ ಮೈಮರೆಯಬೇಡಿ. ಮೇಲೆ ಬಿದ್ದ ನೀರು ಕಾವೇರಿ ಹಿಡಿದು ಬರುವುದು ನಮ್ಮ ಬಾಗಿಲಿಗೇ. 2018 ಮತ್ತು 2019ರ ಆಗಸ್ಟ್‌ನಲ್ಲಿ ಹೊಳೆ ಪಕ್ಕದ ಬಡಾವಣೆಗಳ ಮನೆಯೊಳಗೆ ನೀರು ನಿಂತದ್ದನ್ನು ನಮ್ಮ ಸಂಘದವರೇ ಎಷ್ಟೋ ಜನ ಅನುಭವಿಸಿದ್ದಾರೆ.

ಹಾಗೆಂದು ಜನವರಿಯಲ್ಲಿ ಶುರು ಮಾಡೋಣ ಎಂದರೆ ಅದೂ ಆಗದು. ಡಿಸೆಂಬರ್‌ನಿಂದ ಫೆಬ್ರವರಿ ದಾಟುವವರೆಗೆ ಕಾಫಿ ಕೊಯ್ಲು. ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ಯುವುದು ಲಾಭ ಎಂದು ಕೈಯಾಳುಗಳು ತೋಟಕ್ಕೆ ಹೋಗಿಬಿಡುತ್ತಾರೆ. ಮೇಸ್ತ್ರಿ ಬಂದಿರುತ್ತಾರೆ, ಸಿಮೆಂಟ್ ಕಲಸುವವರಿರುವುದಿಲ್ಲ. ಏಪ್ರಿಲ್ ಮಧ್ಯದಲ್ಲಿ ಕೇರಳದವರು ವಿಷುವಿಗೆ, ಅಸ್ಸಾಮಿನ ಹುಡುಗರು ಬಿಹುಗೆ ಊರು ಹಿಡಿಯುತ್ತಾರೆ. ಇದನ್ನೆಲ್ಲ ಕಳೆದರೆ ನಿಮಗೆ ಉಳಿಯುವುದು ಮಾರ್ಚ್ ತಿಂಗಳು, ಏಪ್ರಿಲ್ ಕೊನೆಯಿಂದ ಮೇ ಮಧ್ಯ, ಮತ್ತೆ ಮಳೆ ಬಿಟ್ಟ ಮೇಲೆ ಕೊಡವರ ಸುಗ್ಗಿ ಹಬ್ಬ ಪುತ್ತರಿವರೆಗೆ. ಸೂರು ಬಿಚ್ಚುವ ಕೆಲಸವಿದ್ದರೆ ಮಾರ್ಚ್‌ಗೇ ಇಟ್ಟುಕೊಳ್ಳಿ. ನಡುವೆ ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬಂದರೆ ಬೈಯಬೇಡಿ. ತೋಟದವರು ಅದಕ್ಕೆ ಕಾದು ಕೂತಿರುತ್ತಾರೆ. ನಿಮಗೊಂದು ಟಾರ್ಪಾಲು ಸಾಕು.

ಯಾವ ಕೆಲಸಕ್ಕೆ ಯಾರು

ಗೋಡೆ, ಪ್ಲಾಸ್ಟರ್, ತಾರಸಿ: ಗಾರೆ ಮೇಸ್ತ್ರಿ.
ಮರದ ಕೆಲಸ: ಆಚಾರಿ. ಮಲಯಾಳಿಗಳು ಆಶಾರಿ ಅನ್ನುತ್ತಾರೆ.
ಶೀಟು, ಗೇಟು, ಗ್ರಿಲ್: ವೆಲ್ಡಿಂಗ್ ಶಾಪಿನವರು.
ಟೈಲ್ಸ್: ಬೇರೆ ಆಳು. ಗಾರೆ ಮೇಸ್ತ್ರಿ "ನಾನೇ ಹಾಕ್ತೀನಿ" ಅಂದರೆ ಅವರು ಹಾಕಿದ ಇನ್ನೊಂದು ಬಚ್ಚಲು ನೋಡಿ ಬನ್ನಿ. ನೆಲಕ್ಕೆ ಒಂದು ಚೊಂಬು ನೀರು ಸುರಿದರೆ ಜಾಲರಿ ಕಡೆಗೆ ಹರಿಯುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಅಡ್ವಾನ್ಸ್

ಈ ಭಾಗ ಉದ್ದವಾಯಿತೆಂದು ಕಾರ್ಯದರ್ಶಿಗಳು ಆಕ್ಷೇಪ ಎತ್ತಿದರು. ಅವರ ಮನೆ ಸೋರಿಲ್ಲ.

ಮನೆ ತಗೊಂಡ ವರ್ಷ ಹೆಂಚು ಇಳಿಸಿ ಶೀಟು ಹಾಕಲು, ಹಿಂದೊಂದು ಬಚ್ಚಲು ಕಟ್ಟಲು ಒಬ್ಬ ಮೇಸ್ತ್ರಿ ಹತ್ತಿರ 85 ಸಾವಿರಕ್ಕೆ ಕೂಲಿ ಮಾತಾಡಿದೆ. ಕಾಗದ ಮಾಡಲಿಲ್ಲ. ನಮ್ಮೂರಲ್ಲಿ ಗಾರೆ ಕೆಲಸದವನು ನಮ್ಮ ಓಣಿಯವನೇ, ದುಡ್ಡು ಇಸ್ಕೊಂಡು ಎಲ್ಲಿಗೆ ಹೋದಾನು? ಅದೇ ಧೈರ್ಯದಲ್ಲಿ ಮೊದಲ ದಿನ 30 ಸಾವಿರ ಕೊಟ್ಟೆ. ಮನೆಯಲ್ಲಿ ಆಸ್ಪತ್ರೆ ಖರ್ಚಿದೆ ಎಂದಾಗ 20. ಶೀಟಿನವರಿಗೆ ಕೊಡಬೇಕು ಎಂದಾಗ ಇನ್ನೂ 10. ಮೇ 26ಕ್ಕೆ ಹೆಂಚು ಪೂರ್ತಿ ಇಳಿಸಿದರು. 27ಕ್ಕೆ ಬಂದರು. 28ಕ್ಕೆ ಇಲ್ಲ. ಫೋನ್ ಮಾಡಿದರೆ "ನಾಳೆ". ನಾಳೆ ಅನ್ನುವ ಮಾತು ಕನ್ನಡಕ್ಕೂ ಮಲಯಾಳಕ್ಕೂ ಒಂದೇ, ಅರ್ಥವಾಗುವುದಕ್ಕೆ ತೊಂದರೆಯಿಲ್ಲ. ಅದು ಯಾವತ್ತು ಅನ್ನುವುದು ಮಾತ್ರ ಎರಡು ಭಾಷೆಯಲ್ಲೂ ತಿಳಿಯುವುದಿಲ್ಲ.

ಜೂನ್ 3ರ ರಾತ್ರಿ ಮಳೆ ಹಿಡಿಯಿತು. ಹೆಂಡತಿ ಅಕ್ಕಿ ಡಬ್ಬವನ್ನು ಬೀರುವಿನೊಳಗೆ ತುರುಕಿದಳು. ಮಗ ಅದೇ ವಾರ ಕೊಂಡಿದ್ದ ಶಾಲೆ ಪುಸ್ತಕಗಳನ್ನು ಪ್ರೆಶರ್ ಕುಕ್ಕರಿನಲ್ಲಿಟ್ಟು ಮುಚ್ಚಳ ಬಿಗಿದ. ಆ ಮನೆಯಲ್ಲಿ ಅವತ್ತು ನೆನೆಯದೆ ಉಳಿದದ್ದು ಅದೊಂದೇ. ಎದುರುಮನೆಯ ಕೊಡವ ಅಜ್ಜ ಕಾಫಿ ಒಣಗಿಸುವ ಟಾರ್ಪಾಲು ಹೊತ್ತು ತಂದರು. ಪಕ್ಕದ ಮನೆಯ ಚೇಚಿ (ಮಲಯಾಳದಲ್ಲಿ ಅಕ್ಕ) ಮಕ್ಕಳನ್ನು ಕರೆದುಕೊಂಡು ಹೋಗಿ ಮಲಗಿಸಿದರು. ಕೆಳಗಿನ ಸಾಲಿನ ಬ್ಯಾರಿ ಹುಡುಗರು ಸೂರಿನ ಮರದ ಪಕ್ಕಾಸಿನ ಮೇಲೆ ಹತ್ತಿ ಹಗ್ಗ ಕಟ್ಟಿದರು. ಕನ್ನಡಿಗರು ಕನ್ನಡಿಗರ ಜತೆಗೇ ಇರಬೇಕು ಎಂದು ಬಡಾವಣೆ ಹುಡುಕುವವರಿಗೆ ಈ ಕತೆಯನ್ನು ನಾನು ತಪ್ಪದೆ ಹೇಳುತ್ತೇನೆ.

ಆ ಮೇಸ್ತ್ರಿ ಮೋಸಗಾರರೇನಲ್ಲ. ಜೂನ್ ಕೊನೆಗೆ ಬಂದು ಕೆಲಸ ಮುಗಿಸಿಕೊಟ್ಟರು. ಇನ್ನೊಂದು ಸೈಟಿನವರಿಂದ ಅವರಿಗೆ ದೊಡ್ಡ ಮೊತ್ತ ಬರಬೇಕಿತ್ತು. ನನ್ನ ಹತ್ತಿರ ಉಳಿದಿದ್ದು 25 ಸಾವಿರ, ಆಗಬೇಕಿದ್ದ ಕೆಲಸ ಮುಕ್ಕಾಲು. ಬಾಕಿ ಎಲ್ಲಿದೆಯೋ ಅಲ್ಲಿಗೆ ಆಳು ಹೋಗುತ್ತದೆ. ನಾನಾಗಿದ್ದರೂ ಅಲ್ಲಿಗೇ ಹೋಗುತ್ತಿದ್ದೆ.

ಹಾಗಾಗಿ ಕೇಳಿ. ಶುರುವಿನಲ್ಲಿ ಕೊಡುವುದು ಒಂದು ವಾರದ ಕೂಲಿಯಷ್ಟು, ಅದಕ್ಕಿಂತ ಹೆಚ್ಚು ಬೇಡ. ಆಮೇಲೆ ಶನಿವಾರದ ಬಟವಾಡೆಗೆ ಆ ವಾರ ಆದ ಕೆಲಸವನ್ನು ಟೇಪು ಹಿಡಿದು ಅಳೆದು ಕೊಡಿ. ಅಳೆಯುವಾಗ ಮೇಸ್ತ್ರಿ ಟೇಪಿನ ಒಂದು ತುದಿ ಹಿಡಿಯಲಿ, ನೀವೊಂದು ತುದಿ. ಹತ್ತರಲ್ಲಿ ಒಂದು ಪಾಲು ಹಣವನ್ನು ಮೊದಲ ದೊಡ್ಡ ಮಳೆ ಕಳೆಯುವವರೆಗೆ ಇಟ್ಟುಕೊಳ್ಳುತ್ತೇವೆ ಎಂದು ಮೊದಲೇ ಹೇಳಿಬಿಡಿ. ಕೊನೆಗೆ ಹೇಳಿದರೆ ಜಗಳ. ಕಷ್ಟ ಹೇಳಿಕೊಂಡು ಕೇಳಿದರೆ, ಕೊಡುವ ಮನಸ್ಸಿದ್ದರೆ ಕೈಸಾಲವೆಂದು ಬೇರೆ ಕೊಡಿ, ಬೇರೆ ಬರೆಯಿರಿ. ಕೂಲಿ ಲೆಕ್ಕಕ್ಕೆ ಸೇರಿಸಬೇಡಿ. ಮತ್ತು ಶೀಟು ನಿಮ್ಮ ಅಂಗಳಕ್ಕೆ ಬಂದು ಇಳಿಯುವವರೆಗೆ ಒಂದು ಹೆಂಚನ್ನೂ ಇಳಿಸಲು ಬಿಡಬೇಡಿ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕೆಲಸ ಮುಗಿದ ಮೇಲೆ "ಆ ಮೂಲೆ ಸರಿಯಿಲ್ಲ, ಈ ಗೆರೆ ಸೊಟ್ಟ" ಎಂದು ಬಟವಾಡೆ ಮುಂದೂಡಿ ಮುಂದೂಡಿ ಐದಾರು ಸಾವಿರ ಮುರಿಯುವವರು ನಮ್ಮಲ್ಲೇ ಇದ್ದಾರೆ. ಇದರಿಂದ ಸಂಘದ ಹೆಸರು ಹೇಳಿದರೆ ಒಬ್ಬ ಮೇಸ್ತ್ರಿ ಫೋನ್ ಇಟ್ಟುಬಿಟ್ಟಿದ್ದೂ ಆಗಿದೆ.

ಕಾಗದ

ವಕೀಲರು ಬೇಕಿಲ್ಲ. ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ನನ್ನ ಎರಡನೇ ಸಲದ ಹಾಳೆಯಲ್ಲಿದ್ದದ್ದು ಇಷ್ಟು:

"ಹಿಂದಿನ ರೂಮು, ಒಳ ಅಳತೆ 10 ಅಡಿಗೆ 9 ಅಡಿ. ಗೋಡೆ 6 ಇಂಚಿನ ಸಾಲಿಡ್ ಬ್ಲಾಕು, ಎತ್ತರ 10 ಅಡಿ. ಪ್ಲಾಸ್ಟರ್ ಹೊರಗೆ ಸಿಮೆಂಟ್ ಒಂದಕ್ಕೆ ಮರಳು ನಾಲ್ಕು, ಒಳಗೆ ಒಂದಕ್ಕೆ ಆರು. ಸಜ್ಜಾ 2½ ಅಡಿ. ಸಾಮಾನು ಮನೆಯವರದು, ಕೂಲಿ ಮೇಸ್ತ್ರಿಯದು. ಸೆಂಟ್ರಿಂಗ್ ಸಾಮಾನು, ಮಿಕ್ಸರ್ ಬಾಡಿಗೆ ಮೇಸ್ತ್ರಿಯದು. ನೀರು ಹಾಕುವುದು ಮನೆಯವರು. ಒಡೆದ ಗೋಡೆಯ ಮಣ್ಣು ಸಾಗಿಸುವುದು ಮೇಸ್ತ್ರಿ. ಪ್ಲಾಸ್ಟರ್ ಅಳತೆಯಲ್ಲಿ ಕಿಟಕಿ ಬಾಗಿಲಿನ ಜಾಗ ಕಳೆಯುವುದು."

ಕೊನೆಯ ಸಾಲನ್ನು ಎರಡು ಸಲ ಓದಿ. ಅಡಿ ಲೆಕ್ಕದ ಕೆಲಸದಲ್ಲಿ ಜಗಳ ಹುಟ್ಟುವುದು ಅಲ್ಲೇ. ಕಿಟಕಿಯ ಒಳಅಂಚಿಗೆ ಪ್ಲಾಸ್ಟರ್ ಹಿಡಿಸಲು ಕೈ ಹೆಚ್ಚು ಹಿಡಿಯುತ್ತದೆ, ಅದಕ್ಕೇ ಕಳೆಯುವುದಿಲ್ಲ ಅನ್ನುವುದು ಮೇಸ್ತ್ರಿಗಳ ವಾದ, ಅದರಲ್ಲೂ ನ್ಯಾಯವಿದೆ. ಕಳೆಯುವುದೋ ಬಿಡುವುದೋ ನಿಮಗೆ ಬಿಟ್ಟದ್ದು, ಮೊದಲೇ ಬರೆದಿರಬೇಕು ಅಷ್ಟೆ. ಮೇಸ್ತ್ರಿಗೆ ಕನ್ನಡ ಓದಲು ಬರದಿದ್ದರೆ ಗಟ್ಟಿಯಾಗಿ ಓದಿ ಹೇಳಿ, ಬೇಕಾದರೆ ಕೆಳಗೆ ಮಲಯಾಳದಲ್ಲೋ ತಮಿಳಿನಲ್ಲೋ ಅವರೇ ಬರೆದುಕೊಳ್ಳಲಿ. ಇಬ್ಬರೂ ಸಹಿ ಮಾಡಿ, ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ನಡುವೆ "ಇದೂ ಒಂದು ಮಾಡಿಬಿಡಿ" ಎಂದು ಬಾಯಲ್ಲಿ ಹೇಳಿದ ಕೆಲಸಕ್ಕೆಲ್ಲ ಕೊನೆಗೆ ಬಿಲ್ಲಾಗುತ್ತದೆ. ಅದನ್ನೂ ಅದೇ ಹಾಳೆಗೆ ಸೇರಿಸಿ.

ಸೂರು, ನೀರು

ನಮ್ಮ ಕಡೆ ಮಾಳಿಗೆ ಎಂದರೆ ಮೆಣಸಿನಕಾಯಿ ಒಣಗಿಸಲು, ಬೇಸಗೆಯಲ್ಲಿ ಮಲಗಲು. ಇಲ್ಲೂ ಹಾಗೇ ಬಯಲು ತಾರಸಿ ಬೇಕೆಂದು ಹಟ ಹಿಡಿಯಬೇಡಿ. ಊರವರು ತಾರಸಿಯ ಮೇಲೆ ಕಂಬ ನಿಲ್ಲಿಸಿ ಶೀಟು ಹೊದಿಸಿರುವುದನ್ನು ನೋಡಿ ನಾನು ಹಣ ಹೆಚ್ಚಾಗಿದೆ ಅಂದುಕೊಂಡಿದ್ದೆ. ಜುಲೈನಲ್ಲಿ ಹದಿನೈದು ದಿನ ಒಣಗದ ಶಾಲೆ ಯೂನಿಫಾರಂ ಮೂಸಿದ ಮೇಲೆ ಬುದ್ಧಿ ಬಂತು. ಶೀಟಿಗೆ ಸ್ಕ್ರೂ ಹೊಡೆಯುವಾಗ ಉಬ್ಬಿನ ಮೇಲೆ ಹೊಡೆಯಬೇಕು, ನೀರು ಹರಿಯುವ ತಗ್ಗಿನಲ್ಲಲ್ಲ. ಅಡಿಯಲ್ಲಿ ರಬ್ಬರ್ ವಾಷರ್ ಇರಬೇಕು. ಗೋಡೆಯಿಂದ ಶೀಟು ಎರಡಡಿಯಾದರೂ ಆಚೆ ಚಾಚಿರಲಿ. ಹೆಂಚನ್ನೇ ಉಳಿಸಿಕೊಳ್ಳುವವರು ಪ್ರತಿವರ್ಷ ಏಪ್ರಿಲ್‌ನಲ್ಲಿ ಒಮ್ಮೆ ಕೈಯಾಡಿಸಿ, ಒಡೆದದ್ದನ್ನು ಬದಲಿಸಿ. ಬಯಲು ತಾರಸಿಯೇ ಇದ್ದರೆ ನೂರಡಿಗೆ ಒಂದಡಿಗಿಂತ ಕಡಿಮೆ ಇಳಿಜಾರು ಬೇಡ.

ಹೊಳೆ ಹತ್ತಿರದ ಮನೆ ಕೊಳ್ಳುವವರು ಹೊಸ ಬಣ್ಣ ನೋಡಿ ಮರುಳಾಗಬೇಡಿ. 2019ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತೆಂದು ಅಕ್ಕಪಕ್ಕದವರನ್ನು ಕೇಳಿ. ಗೋಡೆ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಸ್ವಿಚ್ ಬೋರ್ಡು, ಮೀಟರು, ಅಡುಗೆಮನೆಯ ಪ್ಲೈವುಡ್ ಕಪಾಟು ಆ ಗೆರೆಗಿಂತ ಮೇಲಿರಲಿ. ಮಡಿಕೇರಿ, ಮಕ್ಕಂದೂರು ಕಡೆ ಏರಿನ ಜಾಗದಲ್ಲಿ ಮನೆ ತಗೊಳ್ಳುವವರಿಗೆ ಒಂದೇ ಮಾತು: ಅಂಗಳ ಅಗಲ ಮಾಡಲೆಂದು ಮನೆ ಹಿಂದಿನ ಬರೆಯನ್ನು, ಅಂದರೆ ಕಡಿದಾದ ಮಣ್ಣಿನ ಗೋಡೆಯನ್ನು, ಜೆಸಿಬಿಯಲ್ಲಿ ಕಡಿಸಬೇಡಿ. 2018ರಲ್ಲಿ ಆ ಕಡೆಯ ಗುಡ್ಡಗಳು ಹೇಗೆ ಜಾರಿದವೆಂದು ಇಡೀ ರಾಜ್ಯ ನೋಡಿದೆ.

ಸಾಮಾನು

ಸಿಮೆಂಟ್ ವಾರಕ್ಕೆ ಬೇಕಾದಷ್ಟೇ ತನ್ನಿ. ಮೂಟೆಗಳನ್ನು ಹಲಗೆ ಮೇಲೆ, ಗೋಡೆಗೆ ತಾಗದಂತೆ ಇಡಿ.
ಎಂ-ಸ್ಯಾಂಡ್, ಜಲ್ಲಿ "ಒಂದು ಲೋಡು" ಅನ್ನುವ ಲೆಕ್ಕದಲ್ಲಿ ತಗೊಳ್ಳಬೇಡಿ. ಟಿಪ್ಪರಿನ ಉದ್ದ, ಅಗಲ, ಎತ್ತರ ಅಳೆಯಿರಿ. ನೂರು ಘನ ಅಡಿಗೆ ಒಂದು ಯೂನಿಟ್.
ಮಳೆಗಾಲದಲ್ಲಿ ಭಾರಿ ಲಾರಿಗಳಿಗೆ ಜಿಲ್ಲಾಡಳಿತ ನಿರ್ಬಂಧ ಹಾಕುವುದುಂಟು. ಬೇಕಾದ್ದನ್ನು ಮೇ ಒಳಗೆ ಇಳಿಸಿಕೊಳ್ಳಿ.
ಬೀಟೆ, ತೇಗ ಅಗ್ಗಕ್ಕೆ ಕೊಡುತ್ತೇವೆ ಎಂದು ಸಂಜೆ ಹೊತ್ತು ಬರುವವರನ್ನು ಬಾಗಿಲಲ್ಲೇ ಕಳಿಸಿ. ಅರಣ್ಯ ಇಲಾಖೆಯ ಕಾಗದವಿಲ್ಲದ ಮರ ನಿಮ್ಮನ್ನು ಠಾಣೆಗೆ ಕರೆದೊಯ್ಯುತ್ತದೆ.
ತಾರಸಿ ಹಾಕಿದ ಮೇಲೆ ಹತ್ತು ದಿನವಾದರೂ ನೀರು ನಿಲ್ಲಿಸಿ. ಮೋಡ ಕವಿದಿದೆ, ಹೇಗೂ ತಂಪಿದೆ ಎಂದು ಬಿಡಬೇಡಿ.

ಕರೆಂಟು, ಪರವಾನಗಿ

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ಅರ್ಥಿಂಗ್. ಕರೆಂಟು ಸೋರಿದರೆ ತಾನೇ ಲೈನು ಕಡಿಯುವ 30 ಮಿಲಿಆಂಪ್‌ನ ಇಎಲ್‌ಸಿಬಿ. ಏಪ್ರಿಲ್, ಮೇನಲ್ಲಿ ಇಲ್ಲಿ ಗುಡುಗು ಸಿಡಿಲು ಜೋರು. ಹೊಸ ರೂಮು ಎಬ್ಬಿಸುವುದಾದರೆ ಇಲ್ಲಿನ ವಿದ್ಯುತ್ ಕಂಪನಿ ಚೆಸ್ಕಾಂನ ಕಚೇರಿಯಲ್ಲಿ ತಾತ್ಕಾಲಿಕ ಸಂಪರ್ಕದ ಬಗ್ಗೆ ಮೊದಲೇ ಕೇಳಿ.

ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತು ಆಸ್ತಿ ದಾಖಲೆ, ಪಟ್ಟಣವಾದರೆ ಖಾತೆ, ಕಂದಾಯ ರಸೀದಿ, ನಕ್ಷೆ. ಒಳಗಿನ ಸುಣ್ಣಬಣ್ಣಕ್ಕೆ ಯಾರೂ ಕೇಳುವುದಿಲ್ಲ. ಗೋಡೆ ಹೊರಗೆ ಚಾಚಿದರೆ, ಮಹಡಿ ಏರಿದರೆ ಪರವಾನಗಿ ಬೇಕು.

ಬಾಡಿಗೆ ಮನೆಯವರು: ಮಾಲೀಕರ ಒಪ್ಪಿಗೆ ಬರಹದಲ್ಲಿ, ಖರ್ಚನ್ನು ಬಾಡಿಗೆಯಲ್ಲಿ ಮುರಿಯುವ ಮಾತೂ ಬರಹದಲ್ಲಿ.

ಮಾತು

ನಮ್ಮೂರಲ್ಲಿ "ಏನೋ, ಬಾರೋ ಇಲ್ಲಿ" ಅನ್ನುವುದು ಸಲಿಗೆ. ಇಲ್ಲಿ ಅದು ಅವಮಾನ. ವಯಸ್ಸಿನಲ್ಲಿ ಚಿಕ್ಕವರಾದರೂ ಮೇಸ್ತ್ರಿಗೆ "ಬನ್ನಿ, ಹೋಗಿ". ಹತ್ತು ಗಂಟೆಗೆ, ನಾಲ್ಕಕ್ಕೆ ಚಹಾ ಕೊಡಿ. ಕೈಯಾಳು ಹುಡುಗರಿಗೂ ಅದೇ ಲೋಟದಲ್ಲಿ. ಅವರಿಗೆ ಕನ್ನಡ ಬರುವುದಿಲ್ಲ ಎಂದು ಮೂಗು ಮುರಿಯುವ ಬದಲು ಎರಡು ಪದ ಕಲಿಸಿ. ಮುಳ್ಳುಸೋಗೆಯ ನಮ್ಮ ಸದಸ್ಯರೊಬ್ಬರ ಮನೆಗೆ ಟೈಲ್ಸ್ ಹಾಕಿದ ಅಸ್ಸಾಮಿನ ಹುಡುಗ ಈಗ ಅವರಿಗಿಂತ ಚೆನ್ನಾಗಿ ಅಡಿಲೆಕ್ಕವನ್ನು ಕನ್ನಡದಲ್ಲಿ ಹೇಳುತ್ತಾನೆ.

ಸಂಘದ ಕೋಣೆಯಲ್ಲಿ ಒಂದು 20 ಅಡಿ ಏಣಿ, ಒಂದು ನೂರಡಿ ಟೇಪು, ನೀರು ತುಂಬಿ ಮಟ್ಟ ನೋಡುವ ಲೆವೆಲ್ ಪೈಪು, ಎರಡು ದೊಡ್ಡ ಟಾರ್ಪಾಲು ಇವೆ. ಸದಸ್ಯರಿಗೆ ಉಚಿತ, ಸದಸ್ಯರಲ್ಲದವರಿಗೂ ಉಚಿತ. ಪುಸ್ತಕದಲ್ಲಿ ಹೆಸರು ಬರೆದು ತಗೊಂಡು ಹೋಗಿ. ಟಾರ್ಪಾಲನ್ನು ಒಣಗಿಸಿ ಮಡಚಿ ವಾಪಸು ಕೊಡಿ. ಹೋದ ವರ್ಷ ಒದ್ದೆಯಾಗಿಯೇ ಸುತ್ತಿ ಮೂಲೆಗಿಟ್ಟು ಹೋದವರು ಯಾರೆಂದು ಅದೇ ಪುಸ್ತಕದಲ್ಲಿದೆ.